‘ಡಾಕ್ಟ್ರ ಗಾಡಿ’ಯ ಡಾಕ್ಟರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡಾಕ್ಟರ್ ಸಾಹೇಬರಿಗೆ,

ನಿಮ್ಮ ಹೆಸರು, ಊರು, ಕ್ಲಿನಿಕ್ಕಿನ ವಿಳಾಸ ಯಾವುದೂ ಗೊತ್ತಿಲ್ಲದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ. ಆದರೂ ನಿಮ್ಮ ಬಗ್ಗೆ ಕೇಳದವರು ಯಾರಿದ್ದಾರೆ? ಹಳೆ ಕಾರು ಮಾರುವ ಯಾವ ಅಂಗಡಿಗೆ ಹೋದರೂ ಮೊದಲು ಕಿವಿಗೆ ಬೀಳುವುದು ನಿಮ್ಮ ಸುದ್ದಿಯೇ. ‘ಡಾಕ್ಟ್ರ ಗಾಡಿ ಸಾರ್, ಸಿಂಗಲ್ ಓನರ್. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಅದು ಬಿಟ್ರೆ ಶೆಡ್ಡಿನಿಂದ ಆಚೆ ಬಂದಿದ್ದೇ ಇಲ್ಲ.’ ಬೆಂಗಳೂರಿನಲ್ಲಿ ನನಗೆ ತೋರಿಸಿದ ಬಿಳಿ ಕಾರು ನಿಮ್ಮದು. ಅದರ ಪಕ್ಕದ ಬೂದು ಕಾರೂ ನಿಮ್ಮದೇ. ಎದುರು ಸಾಲಿನ ಕೆಂಪು ಕಾರು ನಿಮ್ಮ ಮನೆಯವರದಂತೆ, ಅವರೂ ಡಾಕ್ಟರಂತೆ: ‘ಲೇಡಿ ಡಾಕ್ಟ್ರು ಸಾರ್, ನಲವತ್ತರ ಮೇಲೆ ಓಡ್ಸೇ ಇಲ್ಲ.’ ಇಷ್ಟೊಂದು ಕಾರುಗಳಲ್ಲಿ ಒಂದೇ ಆಸ್ಪತ್ರೆಗೆ ಹೋಗಿ ಬರುವ ನಡುವೆ ರೋಗಿಗಳ ನಾಡಿ ಹಿಡಿಯಲು ನಿಮಗೆ ಬಿಡುವಾದರೂ ಎಲ್ಲಿ ಸಿಗುತ್ತಿತ್ತೋ!

ಬಿಳಿಯದನ್ನು ಕೊಂಡೆವು. ಕೊಳ್ಳುವಾಗ ಅಂಗಡಿಯವರು ಏನೇನು ತೋರಿಸಿದರು ಎಂಬುದನ್ನು ನಿಮಗೆ ತಿಳಿಸಲೇಬೇಕು. ಏಸಿ ಹಾಕಿ ನನ್ನ ಕೈಯನ್ನು ಅದರ ಮುಂದೆ ಹಿಡಿಸಿದರು. ಮ್ಯೂಸಿಕ್ ಸಿಸ್ಟಮ್ಮಿನಲ್ಲಿ ಹಾಡು ಹಾಕಿ ನಾಲ್ಕೂ ಬಾಗಿಲಿನ ಸ್ಪೀಕರಿಗೆ ಕಿವಿ ಕೊಡಿಸಿದರು. ಹೊಸ ಸೀಟ್ ಕವರಿನ ಹೊಲಿಗೆ ಎಳೆದು ತೋರಿಸಿದರು. ಬಾನೆಟ್ ಎತ್ತಿ, ಎಂಜಿನ್ ಮೇಲೆ ನೀರಿನ ಲೋಟ ಇಟ್ಟು ‘ಅಲುಗಾಡುತ್ತಾ ನೋಡಿ’ ಎಂದರು. ಓಡಿಸಿ ನೋಡಲು ಕೊಟ್ಟ ಸರ್ವಿಸ್ ರಸ್ತೆಯಲ್ಲಿ ಹಂಪ್ ಇರಲಿಲ್ಲ, ಸಿಗ್ನಲ್ ಇರಲಿಲ್ಲ, ದನವೂ ಇರಲಿಲ್ಲ. ಬೆಂಗಳೂರಿನಲ್ಲಿ ಅಂಥ ರಸ್ತೆಯನ್ನು ಹುಡುಕಿದ್ದಕ್ಕೇ ಅವರಿಗೊಂದು ಪ್ರಶಸ್ತಿ ಕೊಡಬಹುದು. ‘ಪಿಕಪ್ ನೋಡಿ ಸಾರ್, ಪಿಕಪ್!’ ಗಾಡಿ ಹೋಗುವುದರ ಬಗ್ಗೆ ಅವರಿಗಿದ್ದ ಉತ್ಸಾಹ ನಿಲ್ಲುವುದರ ಬಗ್ಗೆ ಇರಲಿಲ್ಲ.

ಶಿವಮೊಗ್ಗಕ್ಕೆ ತಂದ ಮೇಲೆ ಪೂಜೆ ಆಯಿತು. ನಮ್ಮ ವಾಹನ ಪೂಜೆಯೂ ಡೀಲರುಗಳ ಕಡೆಯೇ ವಾಲಿದೆ ಎಂದು ನನಗೆ ಅವತ್ತು ಹೊಳೆಯಿತು. ಬಾನೆಟ್ಟಿಗೆ ಅರಿಶಿನ ಕುಂಕುಮ, ಸ್ಟೇರಿಂಗಿಗೆ ಗಂಧ, ಕನ್ನಡಿಗೆ ಹೂವು. ಬ್ರೇಕ್ ಪೆಡಲಿಗೆ ಒಂದು ಅಕ್ಷತೆ ಕಾಳೂ ಇಲ್ಲ. ಭಟ್ಟರು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ‘ನಿಧಾನಕ್ಕೆ ಮುಂದೆ ತಗೊಳ್ಳಿ’ ಎಂದರು. ಮುಂದೆ ತೆಗೆದುಕೊಂಡೆ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಶಾಸ್ತ್ರ ಮುಗಿಯಿತು, ಗಾಡಿ ಮಾತ್ರ ಮುಗಿಸಲಿಲ್ಲ. ಪೆಡಲ್ ಒತ್ತಿದರೆ ಅದು ಮೆತ್ತಗೆ ಕೆಳಗಿಳಿಯಿತು, ಇನ್ನೂ ಇಳಿಯಿತು, ಕೊನೆಗೆ ನೆಲದ ಹತ್ತಿರ ಎಲ್ಲೋ ಒಂದಿಷ್ಟು ಹಿಡಿಯಿತು. ಹ್ಯಾಂಡ್‌ಬ್ರೇಕ್ ಎಳೆದಾಗ ನಮ್ಮ ಬಂಪರಿಗೂ ಹೂ ಮಾರುವ ಅಜ್ಜಿಯ ಬುಟ್ಟಿಗೂ ನಡುವೆ ಒಂದು ಮೊಳ ಸೇವಂತಿಗೆಗೆ ಆಗುವಷ್ಟು ಜಾಗ ಉಳಿದಿತ್ತು. ಅಜ್ಜಿ ಸಾವಧಾನವಾಗಿ ಹೇಳಿದಳು: ‘ದೇವ್ರಿಗೆ ಇಷ್ಟು ಹತ್ರ ಬರೋದು ಬ್ಯಾಡ ಸ್ವಾಮಿ.’

ಅಂಗಡಿಗೆ ಫೋನ್ ಮಾಡಿದೆ. ಡಾಕ್ಟರೇ, ಅವರ ಉತ್ತರಗಳನ್ನು ನೀವು ಕೇಳಬೇಕಿತ್ತು. ಮೊದಲ ಸಲ: ‘ಹೊಸ ಗಾಡಿ ಅಲ್ವಾ ಸಾರ್, ನಿಮ್ಮ ಕಾಲಿಗೆ ಸೆಟ್ ಆಗ್ಬೇಕು.’ ಮೂರು ದಿನಕ್ಕೆ ಮೊದಲು ಹಳೆ ಗಾಡಿಯೆಂದು ಬೆಲೆ ಇಳಿಸಿದ್ದ ಕಾರು ಅಷ್ಟರಲ್ಲೇ ಹೊಸದಾಗಿತ್ತು. ಮರುಸಲ: ‘ಎರಡು ಸಲ ಪಂಪ್ ಹೊಡ್ದು ಹಿಡೀರಿ, ಕಲ್ಲಿನ ಥರ ನಿಲ್ಲುತ್ತೆ.’ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿ ಆರದೆ ನಿಂತಾಗ: ‘ಅದು ಹ್ಯಾಂಡ್‌ಬ್ರೇಕ್ ಲೈಟು ಸಾರ್, ಸೆನ್ಸರ್ ವೀಕು. ಬಲ್ಬ್ ತೆಗೆಸ್ಬಿಡಿ.’ ಹ್ಯಾಂಡ್‌ಬ್ರೇಕ್ ಎಳೆದಾಗ ಹತ್ತುವ ಆ ದೀಪವೇ ಬ್ರೇಕ್ ಆಯಿಲ್ ಕಡಿಮೆಯಾದಾಗಲೂ ಹತ್ತುತ್ತದೆ ಎಂಬ ಸಣ್ಣ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಜ್ವರ ಬಂದರೆ ಥರ್ಮಾಮೀಟರ್ ಮುರಿದು ಹಾಕಿ ಎನ್ನುವ ವೈದ್ಯಪದ್ಧತಿ ನಿಮ್ಮಲ್ಲೂ ಇದೆಯೇ?

ಕೊನೆಗೆ ರೋಗ ಪತ್ತೆ ಹಚ್ಚಿದವರು ನಮ್ಮ ಬೀದಿಯ ಮಾವ. ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರಾಗಿ ನಿವೃತ್ತರಾದವರು, ಬೀದಿಗೆಲ್ಲ ಮಾವ. ಅವರು ಗಾಡಿಯನ್ನು ಓಡಿಸಲೇ ಇಲ್ಲ. ಎಂಜಿನ್ ನಿಲ್ಲಿಸಿ, ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಟ್ಟರು. ಆಮೇಲೆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಎಂಜಿನ್ ಶುರು ಮಾಡಿದರು. ಪೆಡಲ್ ಸ್ವಲ್ಪ ಇಳಿಯಿತು. ‘ಬೂಸ್ಟರ್ ಸರಿ ಇದೆ’ ಎಂದರು. ಕಾಲು ತೆಗೆಯದೆ ಹಾಗೇ ಕೂತರು. ನಾನು ಏನೋ ಕೇಳಲು ಬಾಯಿ ತೆರೆದರೆ ಕೈಯೆತ್ತಿ ಸುಮ್ಮನಿರಿಸಿದರು. ಪೆಡಲ್ ಅವರ ಕಾಲ ಕೆಳಗೆ ಮೆಲ್ಲಮೆಲ್ಲನೆ ನೆಲಕ್ಕೆ ಹೋಯಿತು. ‘ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ ಮಾರಾಯ್ರೆ, ಪ್ರೆಷರ್ ನಿಲ್ತಾ ಇಲ್ಲ.’ ಹಿಂದಿನ ಚಕ್ರಗಳ ಒಳಮೈಯನ್ನು ಬೆರಳಿನಿಂದ ಒರೆಸಿ ಮೂಸಿದರು. ‘ಇಲ್ಲೂ ಸೋರ್ತಿದೆ.’

ನೋಡಿ, ಡಾಕ್ಟರೇ, ಇವರೂ ಬಿಪಿಯನ್ನೇ ನೋಡಿದ್ದು. ನಮ್ಮ ಕಾಲಿನ ಒತ್ತಡ ಮಾಸ್ಟರ್ ಸಿಲಿಂಡರಿಗೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಆಯಿಲ್ ಮೂಲಕ ನಾಲ್ಕು ಚಕ್ರಕ್ಕೂ ತಲುಪಬೇಕು. ಮುಂದಿನ ಚಕ್ರದಲ್ಲಿ ಪ್ಯಾಡುಗಳು ಡಿಸ್ಕನ್ನು ಅವುಚಬೇಕು, ಹಿಂದಿನದರಲ್ಲಿ ಶೂಗಳು ಡ್ರಮ್ಮಿನ ಒಳಗೋಡೆಗೆ ಒತ್ತಬೇಕು. ದ್ರವ ಕುಗ್ಗುವುದಿಲ್ಲ, ಅದಕ್ಕೇ ಇದೆಲ್ಲ ನಡೆಯುತ್ತದೆ. ಗಾಳಿ ಸೇರಿದರೆ ಗಾಳಿ ಕುಗ್ಗುತ್ತದೆ, ನಮ್ಮ ಕಾಲಿನ ಶ್ರಮ ಅಲ್ಲೇ ಮುಗಿಯುತ್ತದೆ. ಮಾವ ಇದನ್ನು ಅವರ ಇಲಾಖೆಯ ಲೆಕ್ಕದಲ್ಲಿ ಹೇಳಿದರು: ‘ಬಸ್ಸಲ್ಲಿ ಏರ್ ಇಲ್ದಿದ್ರೆ ಬ್ರೇಕಿಲ್ಲ. ಗೇಜಿನ ಮುಳ್ಳು ಏರೋ ತನಕ ನಾವು ಗಾಡಿ ಎತ್ತಲ್ಲ. ಕಾರಲ್ಲಿ ಏರ್ ಇದ್ರೆ ಬ್ರೇಕಿಲ್ಲ. ನಿಮ್ಗೆ ಗೇಜೂ ಇಲ್ಲ.’

ಆ ವಾರ ಹೆಬ್ರಿಯ ಕಡೆ ಒಂದು ಮದುವೆಗೆ ಈ ಕಾರಿನಲ್ಲೇ ಹೋಗುವುದೆಂದು ಮನೆಯವಳು ಸೀರೆ ಸಹಿತ ತಯಾರಾಗಿದ್ದಳು. ಮಾವ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ‘ಇದನ್ನ ತಗೊಂಡು ಆಗುಂಬೆ ಇಳೀತೀರಾ? 14 ಹೇರ್‌ಪಿನ್ನಿಗೂ ಬ್ರೇಕ್ ಮೇಲೇ ಕಾಲಿಟ್ರೆ ಕೆಳಗೆ ಸೋಮೇಶ್ವರಕ್ಕೆ ನೀವು ಬರಲ್ಲ, ವಾಸನೆ ಬರುತ್ತೆ.’ ಘಟ್ಟ ಇಳಿಯುವಾಗ ಗಾಡಿಯನ್ನು ಸೆಕೆಂಡ್ ಗೇರಿನಲ್ಲಿ ಎಂಜಿನ್ನೇ ಹಿಡಿದಿಡಬೇಕು, ಬ್ರೇಕ್ ತಿರುವಿಗೆ ಮಾತ್ರ ಎಂಬುದು ಅವರ ಪಾಠ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ಜಾಣರ ಬಗ್ಗೆ ಅವರು ಹೇಳಿದ್ದನ್ನು ಪತ್ರದಲ್ಲಿ ಬರೆಯುವಂತಿಲ್ಲ. ಎಂಜಿನ್ ನಿಂತರೆ ಬೂಸ್ಟರಿಗೆ ಸಿಗುವ ವ್ಯಾಕ್ಯೂಮ್ ಒಂದೆರಡು ಒತ್ತಿಗೆ ಮುಗಿದು, ಪೆಡಲ್ ಕಲ್ಲಾಗುತ್ತದೆ. ನಾವು ಮದುವೆಗೆ ಮಿನಿ ಬಸ್ಸಿನಲ್ಲಿ ಹೋದೆವು. ‘ಕಾರು ತಗೊಂಡ್ರಂತಲ್ಲ?’ ಎಂದು ಕೇಳದವರು ಆ ಮಂಟಪದಲ್ಲಿ ಮದುಮಕ್ಕಳು ಮಾತ್ರ.

ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದಾಗ ನಿಮ್ಮ ಕಾರಿನ ಅಂತರಂಗ ಹೊರಬಿತ್ತು. ಬಾಟಲಿಯಿಂದ ಹೊರತೆಗೆದ ಬ್ರೇಕ್ ಆಯಿಲ್ ಎರಡನೆಯ ಸಲ ಇಳಿಸಿದ ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ಈ ಆಯಿಲ್ ಗಾಳಿಯ ತೇವವನ್ನು ಹೀರುವ ಜಾತಿಯದು. ಡಾಟ್-3 ಎಂಬ ದರ್ಜೆಯದು ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್ ತನಕವಾದರೂ ಕುದಿಯಬಾರದೆಂದು ನಿಯಮ. ಶೇಕಡ ಮೂರೂಮುಕ್ಕಾಲರಷ್ಟು ನೀರು ಸೇರಿದ ಮೇಲೆ 140ರ ತನಕ ತಡೆದರೆ ಸಾಕು. ಘಟ್ಟದಲ್ಲಿ ಬ್ರೇಕ್ ಕಾದು ಆಯಿಲ್ ಕುದಿಯಿತೋ, ಕೊಳವೆಯಲ್ಲಿ ಆವಿ, ಕಾಲ ಕೆಳಗೆ ಶೂನ್ಯ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು. ಇಲ್ಲಿ ಬದಲಿಸಿರಲಿಲ್ಲ, ಸೋರಿದಷ್ಟು ಮೇಲಿಂದ ಸುರಿದಿದ್ದರು. ಹಿಂದಿನ ಎಡ ಚಕ್ರದ ವ್ಹೀಲ್ ಸಿಲಿಂಡರ್ ಸೋರಿ ಲೈನರ್ ಆಯಿಲಿನಲ್ಲಿ ಅಭ್ಯಂಜನ ಮಾಡಿತ್ತು. ಮುಂದಿನ ಪ್ಯಾಡುಗಳು ಸವೆದು ಕಬ್ಬಿಣದ ತಗಡು ಡಿಸ್ಕಿಗೆ ತಾಗುವುದಷ್ಟೇ ಬಾಕಿ. ಮೆಕ್ಯಾನಿಕ್ ಹುಡುಗ ಪ್ಯಾಡನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದ: ‘ಸರ್, ಮೀಟರಲ್ಲಿ ಇಷ್ಟು ಕಡಿಮೆ ಕಿಲೋಮೀಟರ್ ಇದೆ. ಡಾಕ್ಟ್ರು ಬ್ರೇಕ್ ಮೇಲೆ ನಿಂತ್ಕೊಂಡೇ ಓಡಿಸ್ತಿದ್ರಾ?’

ನನಗೂ ಅದೇ ಪ್ರಶ್ನೆ. ಅದಕ್ಕೇ ಕಾಗದಗಳನ್ನೆಲ್ಲ ಹರವಿಕೊಂಡು ಕೂತೆ. ಕಾಗದಗಳಲ್ಲಿ ಒಂದು ಕೊರತೆಯೂ ಇಲ್ಲ! ಮಾಲೀಕತ್ವ ಬದಲಾವಣೆಯ ಫಾರಂ 29, ಫಾರಂ 30 ಸರಿಯಾಗಿದ್ದವು. ವಿಮೆ ಜಾರಿಯಲ್ಲಿತ್ತು. ಎಮಿಷನ್ ಸರ್ಟಿಫಿಕೇಟ್ ತಾಜಾ. ಆಗ ಗಮನಕ್ಕೆ ಬಂತು: ಈ ಕಾರು ಬಿಡುವ ಹೊಗೆಯ ಬಗ್ಗೆ ಸರ್ಕಾರಕ್ಕೆ ನಿಯಮಿತವಾದ ಕಾಳಜಿ ಇದೆ. ಇದು ನಿಲ್ಲುತ್ತದೆಯೇ ಎಂದು ನೋಡುವುದು ಖಾಸಗಿ ಕಾರಿಗೆ 15 ವರ್ಷ ತುಂಬಿ, ನೋಂದಣಿ ನವೀಕರಿಸುವಾಗ. ಹಳೆ ಗಾಡಿ ಮಾರುವ ಡೀಲರುಗಳೂ ಅಧಿಕೃತ ಪತ್ರ ಪಡೆಯಬೇಕೆಂದು 2023ರ ಏಪ್ರಿಲ್‌ನಿಂದ ನಿಯಮ ಬಂದಿದೆ. ತಮ್ಮ ವಶದಲ್ಲಿರುವ ಗಾಡಿಯನ್ನು ಯಾರು, ಯಾಕೆ, ಎಷ್ಟು ದೂರ ಓಡಿಸಿದರು ಎಂದು ಅವರು ದಾಖಲೆ ಇಡಬೇಕಂತೆ. ಒಳ್ಳೆಯದೇ. ಓಡಿದ್ದರ ಲೆಕ್ಕ ಅಲ್ಲೂ ಇದೆ. ಇನ್ನು ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಪ್ರಕಾರ, ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವಿರುವ ಅಪಾಯಕಾರಿ ಗಾಡಿಯನ್ನು ಓಡಿಸಿದರೆ ದಂಡ ಓಡಿಸಿದವನಿಗೆ. ಅಂದರೆ ಹೂ ಬುಟ್ಟಿಯ ಮುಂದೆ ಆರೋಪಿ ಸ್ಥಾನದಲ್ಲಿದ್ದವನು ನಾನು, ನೀವಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯನ್ನೇ ಹಿಡಿದು ಒಂದು ಲೇಖನ ಬರೆದರು. ಕಾರಿನ ಹೂರಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲದಕ್ಕೂ ಸರಾಸರಿ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪುವುದಿಲ್ಲ, ಸಂತೆಯಲ್ಲಿ ಉಳಿಯುವುದು ಕೆಟ್ಟವೇ. ಇಂಥ ವಿಚಾರಗಳಿಗಾಗಿ 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ನಮ್ಮ ಡೀಲರುಗಳು ಅಕರ್‌ಲಾಫರನ್ನು ಓದಿಲ್ಲ, ಆದರೆ ಪರಿಹಾರ ಕಂಡುಹಿಡಿದಿದ್ದಾರೆ: ಆ ಪರಿಹಾರ ನೀವು. ಕಾರಿನ ಒಳಗೆ ಏನಿದೆ ಎಂದು ತಿಳಿಯದವನಿಗೆ ಹಿಂದಿನ ಮಾಲೀಕನ ಡಿಗ್ರಿ ಹೇಳಿದರೆ ಸಾಕು. ಪ್ಯಾಡಿನ ದಪ್ಪ ಅಳೆಯುವುದಕ್ಕಿಂತ ಒಬ್ಬ ಡಾಕ್ಟರನ್ನು ಹುಟ್ಟಿಸುವುದು ಅಗ್ಗ. ನೊಬೆಲ್ ಸಮಿತಿ ಇತ್ತ ಒಮ್ಮೆ ಬಂದು ಹೋಗಬಹುದಿತ್ತು.

ಇಲ್ಲಿಯವರೆಗೆ ನಿಮ್ಮ ಮೇಲೆ ನನಗಿದ್ದ ಗೌರವಕ್ಕೆ ಭಂಗ ಬಂದಿರಲಿಲ್ಲ. ಆದರೆ ಆರ್‌ಸಿಯ ವಿವರದಲ್ಲಿ ಓನರ್ ಸಂಖ್ಯೆ 3 ಎಂದಿತ್ತು. ನನಗಿಂತ ಮುಂಚೆ ಇಬ್ಬರು. ಇಬ್ಬರಲ್ಲಿ ನೀವು ಯಾರು? ಉತ್ತರ ಸಿಕ್ಕಿದ್ದು ಮನೆಯವಳ ಕಾಲಿಗೆ. ನನ್ನ ಪಕ್ಕದ ಸೀಟಿನಲ್ಲಿ ಕೂತಾಗಲೆಲ್ಲ ಅವಳು ಮುಂದಿನ ಬಸ್ಸಿನ ಬೆನ್ನು ನೋಡಿ ಬಲಗಾಲನ್ನು ಮ್ಯಾಟಿಗೆ ಒತ್ತುವ ಅಭ್ಯಾಸ ಮಾಡಿಕೊಂಡಿದ್ದಳು. ಒಂದು ದಿನ ಕೇಳಿದಳು: ‘ಇಲ್ಲಿ ಕೆಳಗೆ ಏನ್ರೀ ತೂತು?’ ಮ್ಯಾಟ್ ಎತ್ತಿದರೆ ಬೋಲ್ಟ್ ಬಿಚ್ಚಿದ ತೂತುಗಳು, ಕೇಬಲ್ ಹೋಗಿ ಬಂದು ತಿಕ್ಕಿದ ಗುರುತು. ಎದ್ದು ಹಿಂದಿನ ಗಾಜನ್ನು ಬಿಸಿಲಿಗೆ ಓರೆಯಾಗಿ ನೋಡಿದೆ. ಪಾಲಿಶ್ ಎಷ್ಟೇ ಹಾಕಿದರೂ ಬಿಡದ ಅಂಟಿನಲ್ಲಿ, ಗಾಜಿನ ನಡುವೆ, ‘ಎಲ್’ ಅಕ್ಷರ.

ಡ್ರೈವಿಂಗ್ ಸ್ಕೂಲಿನ ಗಾಡಿ! ಎಡಗಡೆಯೂ ಬ್ರೇಕ್ ಪೆಡಲ್ ಇದ್ದ ಗಾಡಿ. ಊರಿನ ಅರ್ಧ ಜನ ಬಲಗಡೆಯಿಂದ ಕ್ಲಚ್ ಎಂದುಕೊಂಡು ಒತ್ತಿದ, ಮೇಷ್ಟ್ರು ಎಡಗಡೆಯಿಂದ ಪ್ರಾಣಭಯದಲ್ಲಿ ಒತ್ತಿದ ಬ್ರೇಕು. ಅದು ಇಷ್ಟು ದಿನ ಬಾಳಿದ್ದೇ ಆಶ್ಚರ್ಯ. ಈಗ ಅದರ ಬಗ್ಗೆ ನನಗೆ ಸಿಟ್ಟಿಲ್ಲ, ಪಿಂಚಣಿ ಕೊಡಬೇಕೆನಿಸುತ್ತದೆ. ಅಂಗಡಿಗೆ ಮತ್ತೆ ಫೋನ್ ಮಾಡಿ ‘ಡಾಕ್ಟರ್ ಎಂದಿರಲ್ಲ?’ ಎಂದೆ. ಅತ್ತ ಕಡೆಯಿಂದ ಒಂದಿಷ್ಟೂ ಅಳುಕಿಲ್ಲದ ದನಿ: ‘ನಾನು ಎಂಬಿಬಿಎಸ್ ಅಂದ್ನಾ ಸಾರ್? ಸ್ಕೂಲ್ ನಡೆಸ್ತಿದ್ದೋರಿಗೆ ಗೌರವ ಡಾಕ್ಟರೇಟ್ ಬಂದಿದೆ. ಶಾಲು, ಟೋಪಿ ಹಾಕ್ಕೊಂಡಿರೋ ಫೋಟೋ ಬೇಕಾದ್ರೆ ಕಳಿಸ್ತೀನಿ.’

ಕಳಿಸಿದರು. ಟೋಪಿ ನಿಮಗೆ ಚೆನ್ನಾಗಿ ಒಪ್ಪುತ್ತದೆ.

ಮಾಸ್ಟರ್ ಸಿಲಿಂಡರ್, ವ್ಹೀಲ್ ಸಿಲಿಂಡರ್, ಲೈನರ್, ಪ್ಯಾಡ್, ಆಯಿಲ್ ಎಲ್ಲ ಹೊಸದಾಗಿವೆ. ಮೆಕ್ಯಾನಿಕ್ ಕೆಳಗೆ ಮಲಗಿ ನಿಪ್ಪಲ್ ಸಡಿಲಿಸಿ, ನಾನು ಮೇಲೆ ಕೂತು ‘ಒತ್ತಿ... ಹಿಡ್ಕೊಳ್ಳಿ... ಬಿಡಿ’ ಎಂಬ ಆಜ್ಞೆ ಪಾಲಿಸಿ, ಒಂದೊಂದು ಚಕ್ರದಿಂದಲೂ ಗಾಳಿ ಹೊರಹಾಕಿದ್ದೇವೆ. ಮಾವ ಕಾಲಿಟ್ಟು ನೋಡಿ, ಕೀಲಿ ವಾಪಸು ಕೊಟ್ಟಿದ್ದಾರೆ. ಬಿಲ್ಲಿನ ಪ್ರತಿ ಅಂಗಡಿಯ ವಿಳಾಸಕ್ಕೆ ಹೋಗಿದೆ. ಅವರು ಸುಮ್ಮನಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಒಂದು ಪ್ರತಿ ಹೋಗುತ್ತದೆ. ಅಲ್ಲಿ ಸಾಕ್ಷಿ ಹೇಳಲು ತಾವು ಟೋಪಿ ಸಮೇತ ಬಂದರೆ ಉಪಕಾರ.

ಇತಿ,
ತಮ್ಮ ಕಾರಿನ ಮೂರನೆಯ ಮಾಲೀಕ

ವಿ.ಸೂ.: ಎಡಗಡೆಯಿಂದ ಬಿಚ್ಚಿದ ಆ ಪೆಡಲ್ ಇನ್ನೂ ತಮ್ಮ ಬಳಿ ಇದ್ದರೆ ದಯವಿಟ್ಟು ಕಳಿಸಿಕೊಡಿ. ಬ್ರೇಕ್ ಸರಿಯಾದ ಮೇಲೂ ಮನೆಯವಳ ಕಾಲು ನಿಂತಿಲ್ಲ, ಮತ್ತು ಅವಳು ಒತ್ತುತ್ತಿರುವುದು ಸರಿಯಾಗಿ ಅದೇ ಜಾಗವನ್ನು. ಸಾಗಣೆ ವೆಚ್ಚ ನಾನೇ ಭರಿಸುತ್ತೇನೆ.