ಲ್ಯಾಗ್ ಮೀಮಾಂಸೆ: ಆನ್‌ಲೈನ್ ಆಟದ ಸೋಲಿಗೆ ಹೇತುನಿರ್ಣಯ

ಕಂಪ್ಯೂಟರಿನಲ್ಲಿ ಆನ್‌ಲೈನ್ ಆಟವಾಡುವಾತ ಸೋತರೆ ಅದಕ್ಕೆ ಲ್ಯಾಗ್ (ನೆಟ್ಟಿನ ವಿಳಂಬ) ಕಾರಣ, ಗೆದ್ದರೆ ಕೈಚಳಕ ಕಾರಣ. ಗೇಮರ್ ಮತದ ಈ ಮೂಲಸೂತ್ರವನ್ನು ಯಾವ ಭಾಷ್ಯಕಾರನೂ ಪರೀಕ್ಷೆಗೆ ಒಡ್ಡಿದಂತೆ ಕಾಣದಿರುವುದರಿಂದ ಪ್ರಕೃತ ಪ್ರಬಂಧಕ್ಕೆ ಎಡೆ ದೊರೆತಿದೆ. ಲ್ಯಾಗ್ ಇಲ್ಲವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ, ಹಾಗೆನ್ನುವವರು ನಾಸ್ತಿಕರು. ಲ್ಯಾಗ್ ಇದೆ. ವೈಫೈ ಮನೆಗಳಲ್ಲಿ ಅದರ ಮುಖ್ಯ ವಾಸಸ್ಥಾನ ರೌಟರಿಗೂ ಕಂಪ್ಯೂಟರಿಗೂ ನಡುವಿನ ಹತ್ತಿಪ್ಪತ್ತು ಅಡಿ ಗಾಳಿ. ಅದರ ಪರಿಹಾರ ಆಟಗಾರನಿಗೆ ಗೊತ್ತು. ಗೊತ್ತಿದ್ದೂ ಆತ ಲ್ಯಾಗನ್ನು ಸಾಕಿಕೊಂಡಿದ್ದಾನೆ ಎಂಬುದು ನಮ್ಮ ಪ್ರತಿಜ್ಞೆ.

ಮೊದಲು ಸ್ಥಾನನಿರ್ಣಯ. ಸೋತವನ ಬಾಯಿಂದ ಬರುವ ಮೊದಲ ಮಾತು ‘ಸರ್ವರ್ ಸರಿಯಿಲ್ಲ’, ಎರಡನೆಯದು ‘ನೆಟ್ಟಿನವನು ಕಳ್ಳ’. ಇವೆರಡನ್ನೂ ಶಬ್ದಪ್ರಮಾಣವೆಂದು ಒಪ್ಪಲಾಗದು, ಬರೀ ಶಬ್ದ. ಪ್ರತ್ಯಕ್ಷ ಬೇಕೆಂದರೆ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಕಮಾಂಡ್ ಪ್ರಾಂಪ್ಟನ್ನು ಎರಡು ಕಿಟಕಿಗಳಲ್ಲಿ ತೆರೆದು, ಒಂದರಿಂದ ಮನೆಯ ರೌಟರನ್ನೂ (ವಿಳಾಸ ಬಹುತೇಕ 192.168.1.1 ಅಥವಾ 192.168.0.1) ಇನ್ನೊಂದರಿಂದ ಹೊರಗಿನ ಒಂದು ಸರ್ವರನ್ನೂ ಬಿಡದೆ ಕೂಗುತ್ತಿರಬೇಕು. 2 ಮಿಲಿಸೆಕೆಂಡಿಗೆ ಓಗೊಡುತ್ತಿದ್ದ ರೌಟರ್ ಇದ್ದಕ್ಕಿದ್ದಂತೆ 200 ತೆಗೆದುಕೊಂಡರೆ ದೋಷ ಮನೆಯೊಳಗಿನದು. ರೌಟರ್ ತೆಪ್ಪಗಿದ್ದು ಹೊರಗಿನದಷ್ಟೇ ಕುಣಿದರೆ ನೆಟ್ ಕಂಪನಿಯವರನ್ನು ಬೈಯಲು ಬಹುಮಟ್ಟಿಗೆ ಶಾಸ್ತ್ರಸಮ್ಮತಿ ಉಂಟು. ಆ ಹೊರಗಿನ ಸರ್ವರ್ ಮುಂಬೈಯಲ್ಲಿದೆ ಎನ್ನಿ; ಬೆಂಗಳೂರಿನಿಂದ ಅಲ್ಲಿಗೆ ಸುಮಾರು 1000 ಕಿ.ಮೀ. ದಾರಿ. ಫೈಬರ್ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವುದರಿಂದ ಅಷ್ಟು ದೂರ ಹೋಗಿಬರಲು ಅದಕ್ಕೆ 10 ಮಿಲಿಸೆಕೆಂಡು ಸಾಕು. ಮುಂಬೈಗಿಂತ ಹಾಲ್‌ನಲ್ಲಿರುವ ರೌಟರ್ ದೂರವಾಗುವ ಪವಾಡ ವೈಫೈ ಇರುವ ಮನೆಗಳಲ್ಲಿ ದಿನಾ ಸಂಜೆ ನಡೆಯುತ್ತದೆ.

ಇದಕ್ಕೆ ಕಾರಣ ವೈಫೈಯ ಸ್ವಭಾವದಲ್ಲೇ ಇದೆ. ಅದು ಮಾತಾಡುವ ಮುನ್ನ ಗಾಳಿಯಲ್ಲಿ ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಡುತ್ತದೆ, ಇದ್ದರೆ ಕಾಯುತ್ತದೆ, ಕಳಿಸಿದ್ದು ಮುಟ್ಟದಿದ್ದರೆ ಮತ್ತೆ ಕಳಿಸುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವ ಚಾನೆಲ್‌ಗಳು 1, 6, 11 ಈ ಮೂರೇ. ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳ ರೌಟರ್‌ಗಳು ಅಲ್ಲೇ ಕಾಯ್ದು ಕೂತಿರುತ್ತವೆ. ಬ್ಲೂಟೂತ್ ಹೆಡ್‌ಫೋನೂ ಅಲ್ಲಿಯದೇ, 2.45ರ ಆಸುಪಾಸಿನಲ್ಲಿ ಗುಂಯ್‌ಗುಡುವ ಮೈಕ್ರೋವೇವ್ ಓವನ್ನೂ ಅಲ್ಲಿಯದೇ. ‘ಸಾರು ಬಿಸಿಗಿಟ್ಟಾಗೆಲ್ಲ ನಾನು ಸಾಯುತ್ತೇನೆ’ ಎಂದು ಮಗ ದೂರಿದರೆ, ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಗಂಟು ಹಾಕಬೇಡವೆಂದು ಮನೆಯವರು ಗದರುತ್ತಾರೆ. ಆದರೆ ಇಲ್ಲಿ ಟೊಂಗೆಯನ್ನು ಕಾಗೆಯೇ ಮುರಿದಿರಬಹುದು. ಓವನ್ ಹಚ್ಚಿದಾಗ ಪಿಂಗಿನ ಹೊತ್ತು ಏರಿ, ಆರಿಸಿದಾಗ ಇಳಿದರೆ ಅನ್ವಯವೂ ವ್ಯತಿರೇಕವೂ ಸಿದ್ಧಿಸಿದಂತೆ. ಪಟ್ಟಿಯನ್ನು 5 ಗಿಗಾಹರ್ಟ್ಸಿಗೆ ಬದಲಿಸಿದರೆ ಸಾರೂ ಬಿಸಿಯಾಗುತ್ತದೆ, ಮಗನೂ ಬದುಕುತ್ತಾನೆ. ಕಂಪ್ಯೂಟರ್ ಪೆಟ್ಟಿಗೆಯ ಹಿಂಬದಿಯ ಯುಎಸ್‌ಬಿ 3.0 ರಂಧ್ರಕ್ಕೆ ಚುಚ್ಚಿದ ವೈಫೈ ಡಾಂಗಲ್ ಇನ್ನೂ ಸೂಕ್ಷ್ಮ ಪ್ರಕರಣ. ಆ ರಂಧ್ರದ ಗದ್ದಲವೇ 2.4ರ ಪಟ್ಟಿಗೆ ಸೋರುತ್ತದೆ. ಗಿಡ್ಡ ಎಕ್ಸ್‌ಟೆನ್ಷನ್ ವೈರಿನಲ್ಲಿ ಡಾಂಗಲನ್ನು ದೂರವಿಟ್ಟರೆ ತಣ್ಣಗಾಗುತ್ತದೆ. ಗಡಿಯಾರ ಇಟ್ಟಂತೆ ಪಿಂಗ್ ಜಿಗಿಯುತ್ತಿದ್ದರೆ ಅಡಾಪ್ಟರ್ ಹಿನ್ನೆಲೆಯಲ್ಲಿ ಬೇರೆ ನೆಟ್‌ವರ್ಕ್‌ಗಳನ್ನು ಹುಡುಕುತ್ತಿದೆಯೇ ಎಂದು ಶಂಕಿಸಬೇಕು.

ಪೂರ್ವಪಕ್ಷಿ ಸುಮ್ಮನಿರುವವನಲ್ಲ. ‘ಸ್ಪೀಡ್ ಟೆಸ್ಟಿನಲ್ಲಿ 200 ಎಂಬಿಪಿಎಸ್ ಬರುತ್ತದಲ್ಲ?’ ಎಂಬುದು ಅವನ ಬ್ರಹ್ಮಾಸ್ತ್ರ. ಆಟ ತಿನ್ನುವ ಡೇಟಾ ತೀರಾ ಅಲ್ಪ. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ತಲುಪುವುದು. ವ್ಯಾಲರಂಟ್ ಎಂಬ ಗುಂಡಿನಾಟದ ಸರ್ವರ್ ಸೆಕೆಂಡಿಗೆ 128 ಸಲ, ಎಂದರೆ ಸುಮಾರು 7.8 ಮಿಲಿಸೆಕೆಂಡಿಗೊಮ್ಮೆ ಲೋಕವನ್ನು ಹೊಸದಾಗಿ ಲೆಕ್ಕಹಾಕುತ್ತದೆ. ಅಲ್ಲಿ 150 ಮಿಲಿಸೆಕೆಂಡು ತಡವಾಗಿ ಬಂದ ಗುಂಡು ತಿಥಿಯೂಟಕ್ಕೆ ಬಂದಂತೆ. ‘ವಿಡಿಯೊ ಮಾತ್ರ ಚೆನ್ನಾಗಿ ಓಡುತ್ತದೆ’ ಎಂದರೆ, ವಿಡಿಯೊ ಮುಂದಿನದನ್ನು ಮೊದಲೇ ತುಂಬಿಕೊಂಡಿರುತ್ತದೆ. ಆಟದಲ್ಲಿ ಎದುರಾಳಿ ಮುಂದೇನು ಮಾಡುತ್ತಾನೆಂದು ಮೊದಲೇ ತುಂಬಿಕೊಳ್ಳುವ ಸೌಲಭ್ಯ ಇನ್ನೂ ಬಂದಿಲ್ಲ. ‘ಸಿಗ್ನಲ್ ಕಡ್ಡಿಗಳು ಪೂರ್ತಿ ಇವೆ’ ಎಂಬ ವಾದ ಉತ್ತರಕ್ಕೂ ಅರ್ಹವಲ್ಲ; ಕಡ್ಡಿ ಹೇಳುವುದು ದನಿ ಎಷ್ಟು ಜೋರೆಂದು, ಸಂತೆ ಎಷ್ಟು ದೊಡ್ಡದೆಂದಲ್ಲ.

ಇನ್ನು ಪರಿಹಾರ. ರೌಟರಿನಿಂದ ಕಂಪ್ಯೂಟರಿಗೆ ಎಳೆದ ಮಾಮೂಲಿ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ, ಯಾರ ಸರದಿಗೂ ಕಾಯುವುದಿಲ್ಲ. ಬಣ್ಣದ ದೀಪದ ಕೀಬೋರ್ಡು, ಗೇಮಿಂಗ್ ಕುರ್ಚಿಗಳಿಗೆ ಸಾವಿರಗಟ್ಟಲೆ ಸುರಿದವನು ಇದನ್ನೊಂದು ಕೊಳ್ಳದಿರುವುದೇ ನಮ್ಮ ಸಿದ್ಧಾಂತಕ್ಕೆ ಪ್ರಬಲ ಹೇತು. ಕೇಬಲ್ ಬಂದರೆ ನೆಪ ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು: ಮನೆಯವರು ಮದುವೆಯ ಫೋಟೊಗಳನ್ನೆಲ್ಲ ಅಪ್‌ಲೋಡಿಗೆ ಹಚ್ಚಿದರೆ ರೌಟರಿನ ಸರದಿ ಉದ್ದವಾಗಿ ಕೇಬಲ್ ಇದ್ದವನೂ ನರಳುತ್ತಾನೆ. ‘ಬಾಡಿಗೆ ಮನೆ, ಮಾಲೀಕರು ಗೋಡೆ ಕೊರೆಯಲು ಬಿಡುವುದಿಲ್ಲ’ ಎಂಬುದು ಕೊನೆಯ ಆಕ್ಷೇಪ. ಬಾಗಿಲ ಸಂದಿಯಲ್ಲಿ ನುಸುಳುವ ಚಪ್ಪಟೆ ಕೇಬಲ್ ಅಂಗಡಿಯಲ್ಲಿ ಸಿಗುತ್ತದೆ. ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿ ಅದು ಕಿತ್ತುಬಂದರೇನು ಗತಿ ಎಂದು ಪೂರ್ವಪಕ್ಷಿ ಕೇಳಬಹುದು. ತುದಿಯ ಪ್ಲಾಸ್ಟಿಕ್ ಕೊಂಡಿ ಟಕ್ಕೆನ್ನುವವರೆಗೆ ಒತ್ತಬೇಕು. ಕೊಂಡಿ ಮೊದಲೇ ಮುರಿದಿದ್ದರೆ, ಮುರಿದವರು ಯಾರೆಂಬುದು ಪ್ರತ್ಯೇಕ ವಿಚಾರಣೆಗೆ ಬಿಟ್ಟದ್ದು.