ವಿಮಾನದ ಮಾವ

ನಮ್ಮ ಸೋದರಮಾವ ಶ್ರಾವಣಕ್ಕೆ ಬಾಡು ಬಿಟ್ಟವರಲ್ಲ, ಶನಿವಾರಕ್ಕೂ ಬಿಟ್ಟವರಲ್ಲ. ಬಿಡಿ ಅಂದ ಡಾಕ್ಟರನ್ನೇ ಬಿಟ್ಟವರು. ಆದರೆ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂತೆಂದರೆ ಹದಿನೈದು ದಿನ ಮುಂಚಿನಿಂದ ಅವರ ಮನೆಯಲ್ಲಿ ಮೊಟ್ಟೆ ಕೂಡ ಒಡೆಯುವಂತಿಲ್ಲ. ಯಲಹಂಕದ ವಾಯುನೆಲೆಯ ಸುತ್ತ ಆ ದಿನಗಳಲ್ಲಿ ಪಾಲಿಕೆಯವರು ಮಾಂಸದಂಗಡಿ ಮುಚ್ಚಿಸುತ್ತಾರಲ್ಲ, 2023ರಲ್ಲಿ 10 ಕಿಲೋಮೀಟರ್, 2025ರಲ್ಲಿ 13. ಮೂಳೆ ಬಿದ್ದರೆ ಹದ್ದು ಬರುತ್ತೆ, ಹದ್ದು ಎಂಜಿನ್ನಿಗೆ ಸಿಕ್ಕಿದರೆ ವಿಮಾನ ಬೀಳುತ್ತೆ. ಸರಿಯೇ. ಆದರೆ ಮಾವನ ಮನೆ ಇರುವುದು ಕೆಂಗೇರಿಯಲ್ಲಿ! ಕೇಳಿದರೆ, "ಹದ್ದಿಗೇನು ಕಿಲೋಮೀಟರ್ ಲೆಕ್ಕ ಗೊತ್ತೇನೋ?" ಅನ್ನುತ್ತಾರೆ.

1996ರ ಮೊದಲ ಪ್ರದರ್ಶನದಿಂದ ಒಂದನ್ನೂ ತಪ್ಪಿಸಿಲ್ಲ. ಬೆಳಗ್ಗೆ ನಾಲ್ಕಕ್ಕೆದ್ದು ಅತ್ತೆಯ ಕೈಲಿ ಚಿತ್ರಾನ್ನ ಕಲಸಿಸಿ, ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡರೆ ಮದುಮಗನ ಗತ್ತು. ವಾಯುಪಡೆಯ ಸೂರ್ಯಕಿರಣ ತಂಡದ ಒಂಬತ್ತು ವಿಮಾನ ತಲೆಯ ಮೇಲೆ ಬಂದಾಗ ಊರೆಲ್ಲ ಮೊಬೈಲ್ ಎತ್ತಿದರೆ ಇವರು ಕೈಮುಗಿಯುತ್ತಾರೆ. ಸಂಜೆಗೆ ಕತ್ತು ಹಿಡಿದುಕೊಂಡಿರುತ್ತದೆ. ಆಮೇಲೆ ಒಂದು ವಾರ ಅಮೃತಾಂಜನ ಬಳಿದುಕೊಂಡು ಸೂರು ನೋಡುತ್ತಲೇ ಊಟ. ಸಾರು ಅನ್ನದ ಮೇಲೆ ಬಿತ್ತೋ ಪಂಚೆಯ ಮೇಲೆ ಬಿತ್ತೋ ಅತ್ತೆಯೇ ಹೇಳಬೇಕು.

ಗೋವಾಕ್ಕೆ ಸಂಸಾರ ಸಮೇತ ಹೋದಾಗ ಮೂರು ಗಂಟೆ ಬೋಗ್ಮಾಲೋದ ನೌಕಾ ವಿಮಾನಗಳ ಮ್ಯೂಸಿಯಮ್ಮಿನಲ್ಲಿ ಸೂಪರ್ ಕಾನ್ಸ್ಟೆಲೇಷನ್ನಿನ ರೆಕ್ಕೆ ಕೆಳಗೆ ನಿಲ್ಲಿಸಿದ್ದರು. "ನೆರಳು ಚೆನ್ನಾಗಿತ್ತು ಕಣೋ" ಎಂಬುದಷ್ಟೇ ಗೋವಾದ ಬಗ್ಗೆ ಅತ್ತೆಯ ಪ್ರವಾಸಕಥನ.

ಇವೆಲ್ಲ ಇರಲಿ. ಮಾವನ ನಿಜವಾದ ಪುಣ್ಯಕ್ಷೇತ್ರ ಹಳೇ ವಿಮಾನನಿಲ್ದಾಣದ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ. ಅಲ್ಲಿ ಬೇರೆ ವಿಮಾನಗಳಿಗೆಲ್ಲ ನಮಸ್ಕಾರ ಮಾತ್ರ, ಎಚ್‌ಎಎಲ್‌ನದೇ ಯುದ್ಧವಿಮಾನ ಮಾರುತಕ್ಕೆ ಪ್ರದಕ್ಷಿಣೆ. ರೆಕ್ಕೆಯ ಅಂಚನ್ನು ಹಸುವಿನ ಗಂಗೆದೊಗಲು ಸವರಿದ ಹಾಗೆ ಸವರುತ್ತಾರೆ. ಕಾವಲುಗಾರ ನೋಡಿದರೆ ಕೈ ಹಿಂದಕ್ಕೆ ಕಟ್ಟಿಕೊಂಡು ಚರಿತ್ರೆ ಶುರುಮಾಡುತ್ತಾರೆ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದದ್ದು, ಮೊದಲು ಮರದಲ್ಲೇ ಪೂರ್ತಿ ಅಳತೆಯ ಗ್ಲೈಡರ್ ಮಾಡಿ ಡಕೋಟಾದ ಬಾಲಕ್ಕೆ ಕಟ್ಟಿ ಹಾರಿಸಿದ್ದು, 1961ರ ಜೂನ್ 17ರಂದು ಸುರಂಜನ್ ದಾಸ್ ಅಸಲಿ ಮಾರುತವನ್ನು ಮೇಲೆತ್ತಿದ್ದು. ಇಲ್ಲಿಯವರೆಗೆ ಧ್ವನಿ ಏರುತ್ತಾ ಹೋಗುತ್ತದೆ. ಆಮೇಲೆ ಇಳಿಯುತ್ತದೆ. ಶಬ್ದವನ್ನು ಮೀರಿ ಓಡಲೆಂದು ರೂಪಿಸಿದ ಮೈಕಟ್ಟಿಗೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಇದ್ದ ಆರ್ಫಿಯಸ್ ಎರಡನ್ನು ಹಾಕಿಯೇ 147 ಕಟ್ಟಿದರು. "ಹುಡುಗ ಬುದ್ಧಿವಂತ, ಫೀಸು ಕಟ್ಟೋರಿಲ್ಲ, ಅಂಥ ಕತೆ" ಎಂದು ಕಣ್ಣೊರೆಸಿಕೊಳ್ಳುತ್ತಾರೆ.

ಅವರ ತೊಂದರೆ ಏನೆಂದರೆ, ಈ ಅಳತೆಗೋಲನ್ನು ಮ್ಯೂಸಿಯಮ್ಮಿನಲ್ಲೇ ಬಿಟ್ಟು ಬರುವುದಿಲ್ಲ. ನನ್ನ ತಂಗಿಯನ್ನು ನೋಡಲು ಬಂದ ಗಂಡು ಉಪ್ಪಿಟ್ಟು ತಿಂದು ಹೊರಟ ಮೇಲೆ ಎಲ್ಲರೂ ಮಾವನ ಮುಖ ನೋಡಿದೆವು. "ಏರ್‌ಫ್ರೇಮ್ ಚೆನ್ನಾಗಿದೆ. ಎಂಜಿನ್ ಸಾಲದು" ಅಂದುಬಿಟ್ಟರು. ಸಂಬಂಧ ಅಲ್ಲಿಗೇ ನಿಂತಿತು. ನಾನು ಎರಡನೇ ಸಲ ಪಿಯುಸಿ ಡುಮ್ಕಿ ಹೊಡೆದಾಗ ಅಪ್ಪ ಬೆಲ್ಟು ಬಿಚ್ಚಿದ್ದರು. ಮಾವ ಅಡ್ಡ ಬಂದು, "ಬಿಡಿ ಭಾವ, ಇವನು ಮಾರುತ" ಅಂದರು. ಅದನ್ನು ಹೊಗಳಿಕೆ ಅಂತಲೇ ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ.

ಮ್ಯೂಸಿಯಂ ಮುಗಿಸಿ ಮನೆಗೆ ನೆಟ್ಟಗೆ ಹೋಗುವ ಪದ್ಧತಿಯಿಲ್ಲ. ಸುರಂಜನ್ ದಾಸ್ ರಸ್ತೆಗೆ ಒಂದು ಸುತ್ತು ಹಾಕಲೇಬೇಕು. 1970ರ ಜನವರಿಯಲ್ಲಿ ಅದೇ ಮಾರುತವನ್ನು ಪರೀಕ್ಷಿಸುವಾಗ ತೀರಿಕೊಂಡ ಆ ಪೈಲಟ್ಟಿಗೆ ಬೆಂಗಳೂರು ಇಟ್ಟ ನೆನಪು ಅದು. ದಿನಕ್ಕೆ ಸಾವಿರಾರು ಜನ ಆ ಹೆಸರನ್ನು ಹೇಳುತ್ತಾರೆ, ಹೆಚ್ಚಾಗಿ ಆಟೋದವರಿಗೆ. ಕಳೆದ ಸಲ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ ಮಾವ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ತೆರೆದಾಗ ಎದುರಿಗೆ ಟ್ರಾಫಿಕ್ ಪೊಲೀಸ್.

"ಹೆಲ್ಮೆಟ್ ತಲೆಗೆ ಸಾರ್, ಎದೆಗಲ್ಲ."

"ಗೌರವಕ್ಕೆ ತೆಗೆದೆ ಕಣಪ್ಪ. ಈ ರಸ್ತೆಗೆ ಯಾರ ಹೆಸರಿಟ್ಟಿದ್ದಾರೆ ಗೊತ್ತಾ?" ಎಂದು ಮಾವ 1956ರಿಂದ ಶುರುಮಾಡಿದರು. ಹಸಿರು ಬಿತ್ತು, ಕೆಂಪು ಬಿತ್ತು, ಮತ್ತೆ ಹಸಿರು ಬಿತ್ತು. ಹಿಂದಿನವರು ಹಾರ್ನ್ ಒತ್ತಿ ಒತ್ತಿ ಸುಸ್ತಾದರು. ಪಾಪ, ಪೊಲೀಸಪ್ಪ ಎಂಜಿನ್ ಸಿಗದ ಭಾಗದವರೆಗೂ ಕೇಳಿಸಿಕೊಂಡ.

"ದೊಡ್ಡ ಪೈಲಟ್ ಅಂತೀರಿ. ಅವರು ಹೆಲ್ಮೆಟ್ ಹಾಕ್ತಿರ್ಲಿಲ್ವಾ ಸಾರ್?"

ಮಾವ ಮಾತಾಡದೆ ದುಡ್ಡು ಕೊಟ್ಟರು. ಆ ರಸೀದಿ ಈಗ ಅವರ ಫೈಲಿನಲ್ಲಿ, ಏರೋ ಇಂಡಿಯಾ ಟಿಕೆಟ್ಟುಗಳ ಪಕ್ಕ, ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿದೆ. ಯಾಕೆ ಮಾವ ಅಂದರೆ, ಅದರಲ್ಲಿ ರಸ್ತೆಯ ಹೆಸರಿದೆಯಂತೆ.