ಆಗಿದ್ದೂ ಫುಯಿ, ಹೋಗಿದ್ದೂ ಫುಯಿ

ಸ್ಪ್ಯಾನಿಷ್ ಕಲಿಯಹೊರಟವರಿಗೆ ವರ್ತಮಾನಕಾಲದಲ್ಲಿ ಒಂದಿಷ್ಟು ದಿನ ರಾಜೋಪಚಾರ. ಆಬ್ಲೊ, ಕೋಮೊ, ವೀವೊ. ಅಂದರೆ ಮಾತಾಡ್ತೀನಿ, ತಿಂತೀನಿ, ಬದುಕಿದ್ದೀನಿ. ಇನ್ನೇನು ಬೇಕು? ಆದರೆ ನಿನ್ನೆ ಏನು ಮಾಡಿದಿರಿ ಅಂತ ಯಾರಾದರೂ ಕೇಳಿದರೋ, ನಾಲಿಗೆ ಅಲ್ಲೇ ಕಟ್ಟಿಕೊಳ್ಳುತ್ತದೆ.

ಭೂತಕಾಲದಲ್ಲಿ ‘ತೆನೇರ್’ (ಹೊಂದಿರುವುದು) ಹೋಗಿ ‘ತೂವೆ’ ಆಗುತ್ತದೆ, ‘ಪೊನೇರ್’ (ಇಡುವುದು) ಹೋಗಿ ‘ಪೂಸೆ’. ನಡೆಯುವುದಕ್ಕೆ ‘ಅಂದಾರ್’. ನಿಯಮದ ಪ್ರಕಾರ ನಡೆದೆ ಅನ್ನಲು ‘ಅಂದೆ’ ಅನ್ನಬೇಕಿತ್ತು. ಕನ್ನಡಿಗರ ಬಾಯಿಗೂ ಒಗ್ಗುತ್ತಿತ್ತು. ಸ್ಪೇನಿನವರೇ ಎಷ್ಟೋ ಜನ ಹಾಗೆ ಅಂದುಬಿಡುತ್ತಾರೆ. ಆದರೆ 1713ರಲ್ಲಿ ಹುಟ್ಟಿದ ರಾಯಲ್ ಸ್ಪ್ಯಾನಿಷ್ ಅಕಾಡೆಮಿ ಒಪ್ಪಬೇಕಲ್ಲ! ಅದರ ಲೆಕ್ಕದಲ್ಲಿ ‘ಅಂದೂವೆ’ಯೇ ಸರಿ.

ಇದೆಲ್ಲ ಬಿಡಿ. ‘ಸೆರ್’ ಅಂದರೆ ಆಗಿರುವುದು, ‘ಇರ್’ ಅಂದರೆ ಹೋಗುವುದು. ಎರಡಕ್ಕೂ ಭೂತಕಾಲ ಒಂದೇ: ಫುಯಿ, ಫುಯಿಸ್ತೆ, ಫುಯೆ. ‘ಫುಯಿ ಮಾಯೆಸ್ತ್ರೊ’ ಅಂದರೆ ಮೇಷ್ಟರಾಗಿದ್ದೆ. ‘ಫುಯಿ ಆ ಮದ್ರೀದ್’ ಅಂದರೆ ಮದ್ರೀದಿಗೆ ಹೋದೆ. ನಡುವಿನ ಆ ಒಂದು ‘ಆ’ ನೋಡಿಕೊಂಡೇ ಹೋದರೋ ಆಗಿದ್ದರೋ ತಿಳಿಯಬೇಕು. ಲ್ಯಾಟಿನ್ನಿನಲ್ಲಿ ‘ಫುಯಿ’ ಬರೀ ‘ಆಗಿರು’ವಿನ ಆಸ್ತಿ, ಸ್ಪ್ಯಾನಿಷಿನಲ್ಲಿ ‘ಹೋಗು’ ಅದನ್ನು ಕೈಗಡ ತಂದು ಹಿಂತಿರುಗಿಸಲೇ ಇಲ್ಲ.

ನಗಬೇಡಿ. ನೋಡು ನೋಡಿದ ಆಗುವ ನಮ್ಮ ಭಾಷೆಯಲ್ಲೇ ಕೊಡು ಕೊಟ್ಟ ಆಗುತ್ತದೆ, ನಗು ನಕ್ಕ, ಬೀಳು ಬಿದ್ದ. ಕನ್ನಡ ಕಲಿಯುವ ಸ್ಪೇನಿನವರ ಪಾಡು ಕೇಳಿ!

ಕಲಿಯುವವರು ‘ಫುಯಿ’ಯಿಂದಲೇ ಶುರುಮಾಡಿ. ಒಂದು ಉರು ಹೊಡೆದರೆ ಎರಡು ಕ್ರಿಯಾಪದ ಪುಕ್ಕಟೆ.